ಪರದೆ ಸರಿದ ಮೇಲಿನ ಸಂಗೀತ: ‘ಬಿಗ್ ಮೆಸ್’ ಎಲ್ಲರ ಕಿವಿಗೂ ಒಂದೇ ರೀತಿ ಏಕೆ ಕೇಳಿಸುವುದಿಲ್ಲ?

‘ಬ್ಯಾಟ್‌ಮನ್’ ಚಿತ್ರದ ಗಂಭೀರ ಹಿತ್ತಾಳೆ ವಾದ್ಯಗಳ ಮೊಳಗನ್ನೋ ‘ದಿ ಸಿಂಪ್ಸನ್ಸ್’ ಧಾರಾವಾಹಿಯ ತುಂಟ ಶೀರ್ಷಿಕೆ ಸಂಗೀತವನ್ನೋ ಮೆಚ್ಚಿದವರು, ಅದನ್ನು ರಚಿಸಿದ ಡ್ಯಾನಿ ಎಲ್ಫ್‌ಮನ್ ಅವರ ಹೆಸರನ್ನು ಸಂಗೀತದ ಆ್ಯಪ್‌ನಲ್ಲಿ ಹುಡುಕಿದರೆ, ಚಲನಚಿತ್ರಗಳ ಉದ್ದನೆಯ ಪಟ್ಟಿಯ ನಡುವೆ ‘ಬಿಗ್ ಮೆಸ್’ ಎಂಬ ಆಲ್ಬಂ ಕೂಡ ಎದುರಾಗುತ್ತದೆ. ಅದು ಯಾವ ಚಿತ್ರಕ್ಕೂ ಸೇರಿದ್ದಲ್ಲ. ಗುಂಡಿ ಒತ್ತಿದವರಿಗೆ ಸಿಗುವುದು ಗರ್ಜಿಸುವ ಗಿಟಾರ್, ಬಿರುಸಾದ ಡ್ರಮ್ಸ್, ಅದರ ಮೇಲೆ ಹೊಯ್ದಾಡುವ ತಂತಿವಾದ್ಯಗಳ ಸಮೂಹ ಮತ್ತು ಸಿಟ್ಟು ಅದುಮಿಕೊಂಡ ಕಂಠ. ಕೆಲವರು ಇದನ್ನು ಎಲ್ಫ್‌ಮನ್ ಅವರ ಅತ್ಯಂತ ಧೈರ್ಯದ ಕೆಲಸ ಎನ್ನುತ್ತಾರೆ. ಕೆಲವರು ಎರಡನೆಯ ಹಾಡು ಮುಗಿಯುವ ಮೊದಲೇ ನಿಲ್ಲಿಸುತ್ತಾರೆ. ಅಭಿರುಚಿ ಬೇರೆ ಬೇರೆ ಎಂದು ಹೇಳಿ ಇಲ್ಲಿಗೇ ಕೈಬಿಡಬಹುದು. ಆದರೆ ಈ ಭಿನ್ನತೆಗೆ ಕಿವಿಯ ರಚನೆಯಿಂದ ಹಿಡಿದು ಸಿನಿಮಾ ಸಂಗೀತದ ಕಸುಬಿನವರೆಗೆ ಸಾಕಷ್ಟು ಸ್ಪಷ್ಟವಾದ ಕಾರಣಗಳಿವೆ.

‘ಸ್ಕೋರ್’ ಎಂಬ ಕಸುಬು

ಮೊದಲು ಒಂದು ಪದದ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ‘ಸಂಗೀತ ನಿರ್ದೇಶಕ’ ಎಂದಾಗ ಕನ್ನಡ ಓದುಗರ ಮನಸ್ಸಿಗೆ ಬರುವುದು ಹಾಡುಗಳಿಗೆ ರಾಗ ಸಂಯೋಜಿಸುವವರು. ಹಾಲಿವುಡ್‌ನಲ್ಲಿ ಫಿಲ್ಮ್ ಕಂಪೋಸರ್ ಎಂದರೆ ಮುಖ್ಯವಾಗಿ ಹಿನ್ನೆಲೆ ಸಂಗೀತವನ್ನು, ಅಂದರೆ ನಮ್ಮ ಚಿತ್ರರಂಗದವರು ರೀರೆಕಾರ್ಡಿಂಗ್ ಎಂದು ಕರೆಯುವ ಭಾಗವನ್ನು, ರಚಿಸುವವರು. ಆ ಸಂಗೀತಕ್ಕೆ ಅಲ್ಲಿನವರು ಸ್ಕೋರ್ ಎನ್ನುತ್ತಾರೆ, ಅದರ ಒಂದೊಂದು ತುಣುಕಿಗೆ ಕ್ಯೂ ಎನ್ನುತ್ತಾರೆ.

ಈ ಕೆಲಸದಲ್ಲಿ ಸಂಯೋಜಕರು ಸ್ವತಂತ್ರರಲ್ಲ. ಯಾವ ದೃಶ್ಯಕ್ಕೆ ಸಂಗೀತ ಬೇಕು, ಅದು ಎಲ್ಲಿ ತೊಡಗಿ ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ದೇಶಕರ ಜೊತೆ ಕುಳಿತು ತೀರ್ಮಾನಿಸಲಾಗುತ್ತದೆ. ಸಂಕಲನದ ಹಂತದಲ್ಲೇ ಬೇರೆ ಯಾರದೋ ಸಂಗೀತವನ್ನು ತಾತ್ಕಾಲಿಕವಾಗಿ ಜೋಡಿಸಿ, ಇದೇ ಧಾಟಿಯಲ್ಲಿರಲಿ ಎಂದು ಸೂಚಿಸುವುದೂ ಸಾಮಾನ್ಯ. ನಟರು ಮಾತಾಡುವಾಗ ಸಂಗೀತ ತಗ್ಗಬೇಕು, ಬಾಗಿಲು ಒಡೆದ ಕ್ಷಣಕ್ಕೇ ಅಬ್ಬರಿಸಬೇಕು. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ ಫಿಲ್ಮಿನ ಕಾಲಕ್ಕೆ ಸರಿಯಾಗಿ ವಾದ್ಯವೃಂದ ನುಡಿಸುವಂತೆ ಅವರ ಕಿವಿಯಲ್ಲಿ ಟಿಕ್ ಟಿಕ್ ಎಂಬ ಎಣಿಕೆಯ ಸದ್ದನ್ನು ಕೇಳಿಸಲಾಗುತ್ತದೆ. ಹೀಗೆ ವರ್ಷಗಟ್ಟಲೆ ದುಡಿದವರಿಗೆ ಎರಡು ಅಭ್ಯಾಸಗಳು ಮೈಗೂಡುತ್ತವೆ: ಕೆಲವೇ ಸೆಕೆಂಡುಗಳಲ್ಲಿ ಭಾವವನ್ನು ಬದಲಿಸುವುದು, ಮತ್ತು ಉದ್ವೇಗವನ್ನು ಪರಿಹರಿಸದೆ ಹಾಗೆಯೇ ತೂಗಿಡುವುದು.

ಸಿನಿಮಾದಲ್ಲಿ ಈ ಎರಡೂ ನಮಗೆ ಭಾರವೆನಿಸುವುದಿಲ್ಲ, ಏಕೆಂದರೆ ಅಲ್ಲಿ ಅರ್ಧ ಹೊರೆಯನ್ನು ಕಣ್ಣು ಹೊತ್ತಿರುತ್ತದೆ. ಸಂಗೀತ ಏಕೆ ಹಠಾತ್ತನೆ ತಿರುಗಿತು ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ಪರದೆಯ ಮೇಲಿನ ಮುಖ ಅದಕ್ಕೆ ಉತ್ತರ ಕೊಟ್ಟಾಗಿರುತ್ತದೆ. 1980ರ ‘ದಿ ಶೈನಿಂಗ್’ ಎಂಬ ಭಯಾನಕ ಚಿತ್ರದಲ್ಲಿ ಪೋಲೆಂಡಿನ ಸಂಯೋಜಕ ಪೆಂಡೆರೆಟ್ಸ್ಕಿ ಅವರ ಕರ್ಕಶ ವಾದ್ಯವೃಂದ ರಚನೆಗಳನ್ನು ಬಳಸಲಾಗಿದೆ. ಸಂಗೀತ ಕಛೇರಿಯಲ್ಲಿ ಅದೇ ರಚನೆಯನ್ನು ಕೇಳಿ ಹತ್ತು ನಿಮಿಷ ಕೂರಲಾಗದವರೂ ಚಿತ್ರಮಂದಿರದಲ್ಲಿ ಉಸಿರು ಬಿಗಿಹಿಡಿದು ಕೇಳುತ್ತಾರೆ. ಆ ಪರದೆಯನ್ನು ಸರಿಸಿಬಿಟ್ಟರೆ ಏನಾಗುತ್ತದೆ? ‘ಬಿಗ್ ಮೆಸ್’ ಬಗೆಗಿನ ಹೆಚ್ಚಿನ ಪ್ರತಿಕ್ರಿಯೆಗಳ ಬೇರು ಈ ಪ್ರಶ್ನೆಯಲ್ಲಿದೆ.

ವಾದ್ಯತಂಡದಿಂದ ಸಿನಿಮಾಕ್ಕೆ, ಮರಳಿ ವಾದ್ಯತಂಡಕ್ಕೆ

ಎಲ್ಫ್‌ಮನ್ ರಾಕ್ ಸಂಗೀತಕ್ಕೆ ಹೊಸಬರಲ್ಲ. 1953ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಅವರು ಶಾಸ್ತ್ರೀಯ ತರಬೇತಿಯಿಲ್ಲದೆ ತಾವಾಗಿಯೇ ಕಲಿತವರು. ಅಣ್ಣ ರಿಚರ್ಡ್ ಎಲ್ಫ್‌ಮನ್ ಕಟ್ಟಿದ್ದ ಸಂಗೀತ-ನಾಟಕ ತಂಡವೊಂದು 1979ರ ಹೊತ್ತಿಗೆ ‘ಓಯಿಂಗೊ ಬೋಯಿಂಗೊ’ ಎಂಬ ರಾಕ್ ತಂಡವಾಗಿ ಮಾರ್ಪಟ್ಟಾಗ, ಡ್ಯಾನಿ ಅದರ ಗಾಯಕರೂ ಹಾಡುಗಳ ಮುಖ್ಯ ರಚನಕಾರರೂ ಆದರು. ಸ್ಯಾಕ್ಸೊಫೋನ್, ಟ್ರಂಪೆಟ್‌ಗಳು ಕುಪ್ಪಳಿಸುವ, ವೇಗದ, ವ್ಯಂಗ್ಯ ತುಂಬಿದ ಹಾಡುಗಳಿಗೆ ಆ ತಂಡ ಹೆಸರಾಗಿತ್ತು.

1985ರಲ್ಲಿ ಟಿಮ್ ಬರ್ಟನ್ ತಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರ ‘ಪೀ-ವೀಸ್ ಬಿಗ್ ಅಡ್ವೆಂಚರ್’ಗೆ ಹಿನ್ನೆಲೆ ಸಂಗೀತವನ್ನು ಇವರಿಂದ ಬರೆಯಿಸಿದರು. ವಾದ್ಯವೃಂದಕ್ಕೆ ಅದನ್ನು ಹೊಂದಿಸಿಕೊಟ್ಟವರು ತಂಡದ ಗಿಟಾರ್ ವಾದಕ ಸ್ಟೀವ್ ಬಾರ್ಟೆಕ್. 1989ರಲ್ಲಿ ‘ಬ್ಯಾಟ್‌ಮನ್’ ಬಂತು, ‘ದಿ ಸಿಂಪ್ಸನ್ಸ್’ ಕೂಡ ಅದೇ ವರ್ಷ. ತಂಡ 1995ರಲ್ಲಿ ವಿಸರ್ಜನೆಯಾಯಿತು. ಆನಂತರದ ಕಾಲು ಶತಮಾನ ಹೊರಜಗತ್ತಿಗೆ ಎಲ್ಫ್‌ಮನ್ ಎಂದರೆ ಸಿನಿಮಾ ಎಂದೇ ಆಯಿತು.

2020ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತೋತ್ಸವದಲ್ಲಿ ತಮ್ಮ ಸಿನಿಮಾ ಸಂಗೀತವನ್ನೂ ಹಳೆಯ ತಂಡದ ಹಾಡುಗಳನ್ನೂ ಬೆರೆಸಿ ಪ್ರದರ್ಶನ ಕೊಡಲು ಅವರು ಸಿದ್ಧತೆ ನಡೆಸಿದ್ದರು. ಕೋವಿಡ್ ಬಂದು ಉತ್ಸವ ರದ್ದಾಯಿತು. ಮನೆಯಲ್ಲಿ ಕೂತ ಆ ತಿಂಗಳುಗಳಲ್ಲಿ ಸೇರುತ್ತಾ ಹೋದ ಹಾಡುಗಳು 18ಕ್ಕೆ ಮುಟ್ಟಿ, 2021ರ ಜೂನ್ 11ರಂದು ಎರಡು ಭಾಗಗಳ ಆಲ್ಬಂ ಆಗಿ ಹೊರಬಂದವು. 1984ರ ‘ಸೋ-ಲೋ’ ಬಳಿಕ ತಮ್ಮ ಹೆಸರಿನಲ್ಲಿ ಅವರು ತಂದ ಇಂಥ ಮೊದಲ ಹಾಡಿನ ಆಲ್ಬಂ ಇದು. ಡ್ರಮ್ಸ್‌ಗೆ ಜಾಶ್ ಫ್ರೀಸ್, ಗಿಟಾರ್‌ಗೆ ರಾಬಿನ್ ಫಿಂಕ್ ಜೊತೆಯಾದರು. ಇಬ್ಬರೂ ಯಂತ್ರದ ಸದ್ದಿನಂಥ ಗಡುಸು ರಾಕ್‌ಗೆ ಹೆಸರಾದ ‘ನೈನ್ ಇಂಚ್ ನೇಲ್ಸ್’ ತಂಡದಲ್ಲಿ ನುಡಿಸಿದವರು ಎಂಬುದನ್ನು ನೆನಪಿಟ್ಟುಕೊಂಡರೆ ಆಲ್ಬಮ್ಮಿನ ಲೋಹದಂಥ ಒರಟುತನ ಎಲ್ಲಿಂದ ಬಂತೆಂಬುದು ಸ್ವಲ್ಪ ತಿಳಿಯುತ್ತದೆ.

ಪ್ರಯೋಗಶೀಲ ರಾಕ್ ಯಾವ ನಿಯಮವನ್ನು ಮುರಿಯುತ್ತದೆ?

‘ಪ್ರಯೋಗಶೀಲ’ ಎಂಬುದು ಎಲ್ಲಕ್ಕೂ ಅಂಟಿಸುವ ಚೀಟಿಯಾಗಿಬಿಟ್ಟಿದೆ. ರಾಕ್ ಸಂಗೀತದಲ್ಲಿ ಅದಕ್ಕೆ ಸಾಕಷ್ಟು ನಿಖರವಾದ ಅರ್ಥ ಕೊಡಬಹುದು: ಕೇಳುಗ ಮುಂದೇನು ಬರುತ್ತದೆಂದು ಊಹಿಸಲು ನೆಚ್ಚಿಕೊಂಡ ಆಧಾರಗಳಲ್ಲಿ ಒಂದೆರಡನ್ನಾದರೂ ಬೇಕೆಂದೇ ಸಡಿಲಿಸುವುದು.

ಮೊದಲ ಆಧಾರ ಹಾಡಿನ ಕಟ್ಟು. ಚರಣ, ಪಲ್ಲವಿ, ಮತ್ತೆ ಚರಣ, ಮತ್ತೆ ಪಲ್ಲವಿ ಎಂಬ ಚೌಕಟ್ಟು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಹೊಸ ಹಾಡಿನಲ್ಲೂ ಒಂದು ನಿಮಿಷ ದಾಟುವ ಮುನ್ನ ಪಲ್ಲವಿಗಾಗಿ ಕಿವಿ ಕಾಯತೊಡಗುತ್ತದೆ. ‘ಬಿಗ್ ಮೆಸ್’ನ ‘ಹ್ಯಾಪಿ’ ಎಂಬ ಹಾಡು ಈ ಕಾಯುವಿಕೆಯೊಂದಿಗೇ ಆಟವಾಡುತ್ತದೆ. ಪಾಪ್ ಹಾಡಿನ ನಗುಮೊಗದೊಂದಿಗೆ ತೊಡಗಿ, ಸಾಗುತ್ತಾ ಸಾಗುತ್ತಾ ಹದಗೆಡುವಂತೆ ಅದನ್ನು ಹೆಣೆಯಲಾಗಿದೆ. ಕೇಳುಗರಿಗೆ ಉಂಟಾಗುವ ಕಸಿವಿಸಿ ಅಲ್ಲಿ ಆಕಸ್ಮಿಕವಲ್ಲ, ಉದ್ದೇಶಿತ.

ಎರಡನೆಯ ಆಧಾರ ತಾಳ. ಪಾಶ್ಚಾತ್ಯ ಜನಪ್ರಿಯ ಸಂಗೀತದ ಬಹುಪಾಲು ನಾಲ್ಕೆಣಿಕೆಯ ಆವರ್ತದಲ್ಲಿ ನಡೆಯುತ್ತದೆ. ಪ್ರಯೋಗಶೀಲ ತಂಡಗಳು ಐದು, ಏಳರ ಎಣಿಕೆಗಳನ್ನು ತಂದಾಗ ತಲೆದೂಗುವವರು ಒಂದು ಹೆಜ್ಜೆ ತಪ್ಪಿದಂತೆ ತಡವರಿಸುತ್ತಾರೆ. ಖಂಡ ಚಾಪು, ಮಿಶ್ರ ಚಾಪುಗಳನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಕ್ಕಿಲ್ಲ. ‘ಪಿಂಕ್ ಫ್ಲಾಯ್ಡ್’ ತಂಡದ 1973ರ ‘ಮನಿ’ ಹಾಡಿನ ಏಳೆಣಿಕೆಯ ನಡೆಯನ್ನು ಕೈಯಲ್ಲಿ ತಾಳ ಹಾಕಿ ಪರೀಕ್ಷಿಸಬಹುದು. ಗಿಟಾರ್‌ನ ಏಕವಾದನ ಬಂದೊಡನೆ ಅದು ನಾಲ್ಕಕ್ಕೆ ಮರಳುವುದೂ, ಮೈ ಸಡಿಲವಾಗುವುದೂ ಅನುಭವಕ್ಕೆ ಬರುತ್ತದೆ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ತಕರಾರು ಎಬ್ಬಿಸುವಂಥದ್ದು, ಸ್ವರಗಳ ಹೊಂದಾಣಿಕೆ. ಇದನ್ನು ಅಪಸ್ವರ ಎಂದು ಕರೆದರೆ ತಪ್ಪಾಗುತ್ತದೆ. ಅಪಸ್ವರವೆಂದರೆ ಹಾಡುವವರು ಜಾರಿ ತಪ್ಪಾದ ಸ್ವರವನ್ನು ಮುಟ್ಟುವುದು. ಇಲ್ಲಿ ಪರಸ್ಪರ ಉಜ್ಜುವ ಸ್ವರಗಳನ್ನು ತಿಳಿದೇ ಜೊತೆಗಿಡಲಾಗುತ್ತದೆ. ತಂಬೂರಿಯ ತಂತಿಗಳನ್ನು ಶ್ರುತಿ ಮಾಡುವಾಗ ಎರಡು ತಂತಿಗಳು ಹತ್ತಿರ ಬಂದೂ ಕೂಡಿಕೊಳ್ಳದಿದ್ದರೆ ‘ವಂ… ವಂ… ವಂ’ ಎಂಬ ಅಲೆಯೊಂದು ಕೇಳಿಸುತ್ತದೆಯಲ್ಲ, ಅದೇ ಇದರ ಮೂಲ. ಒಂದು ತಂತಿ ಸೆಕೆಂಡಿಗೆ 440 ಸಲ, ಇನ್ನೊಂದು 444 ಸಲ ಕಂಪಿಸಿದರೆ, ವ್ಯತ್ಯಾಸವಾದ 4ರಷ್ಟು ಸಲ ಸದ್ದು ಏರಿಳಿಯುತ್ತದೆ. ಎರಡನೆಯದನ್ನು ಮುಂದಿನ ಸ್ವರಸ್ಥಾನಕ್ಕೆ, ಅಂದರೆ ಸುಮಾರು 466ಕ್ಕೆ ಏರಿಸಿದರೆ ಏರಿಳಿತ ಸೆಕೆಂಡಿಗೆ 26ರಷ್ಟಾಗಿ, ಕಿವಿಗೆ ಅದನ್ನು ಎಣಿಸಲಾಗದೆ ಒಂದು ಬಗೆಯ ಒರಟಾಗಿ ಅನುಭವವಾಗುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿವರಣೆಯನ್ನು ಕೊಟ್ಟರು. ಒಳಗಿವಿಯ ಒಂದೇ ಪ್ರದೇಶ ಎರಡೂ ಕಂಪನಗಳಿಗೆ ಒಟ್ಟಿಗೆ ಸ್ಪಂದಿಸಬೇಕಾದಾಗ ಈ ಒರಟು ಹುಟ್ಟುತ್ತದೆ.

1975ರ ‘ಜಾಸ್’ ಚಿತ್ರದಲ್ಲಿ ಶಾರ್ಕ್ ಬರುವ ಸೂಚನೆಯಾಗಿ ಕೇಳಿಸುವುದೂ ಇಷ್ಟೇ ಅಂತರದ ಎರಡು ಸ್ವರಗಳು. ಅವನ್ನು ಒಟ್ಟಿಗಲ್ಲ, ಒಂದರ ಹಿಂದೊಂದು ನುಡಿಸಲಾಗಿದೆ. ಪರದೆಯ ಮೇಲೆ ನೀರು ಕಾಣುತ್ತಿರುವುದರಿಂದ ಆ ಅಂತರಕ್ಕೆ ಅರ್ಥ ಸಿಕ್ಕಿ, ಅದು ಲೋಕಪ್ರಸಿದ್ಧವಾಯಿತು. ಅಂಥದ್ದೇ ಅಂತರಗಳು ಚಿತ್ರವಿಲ್ಲದ ಹಾಡಿನಲ್ಲಿ ಬಂದಾಗ ಕೇಳುಗ ಆ ಭಯಕ್ಕೆ ಕಾರಣವನ್ನು ತಾನೇ ಹುಡುಕಿಕೊಳ್ಳಬೇಕು. ಹುಡುಕಾಟದಲ್ಲಿ ಸುಖ ಕಾಣುವವರೂ ಇದ್ದಾರೆ, ಅದನ್ನು ವೃಥಾ ಶ್ರಮವೆಂದು ಎಣಿಸುವವರೂ ಇದ್ದಾರೆ.

ಗಿಟಾರೂ ಪಿಟೀಲೂ ಒಂದೇ ಜಾಗಕ್ಕೆ ನುಗ್ಗಿದಾಗ

“ಬರೀ ಗದ್ದಲ” ಎಂಬ ದೂರನ್ನು ಅಭಿರುಚಿಯ ಮಾತೆಂದು ತಳ್ಳಿಹಾಕುವುದು ಸುಲಭ, ಆದರೆ ಅದರಲ್ಲಿ ಧ್ವನಿವಿಜ್ಞಾನದ ಸತ್ಯವೊಂದು ಅಡಗಿದೆ.

ರಾಕ್ ಗಿಟಾರ್‌ನ ಗರ್ಜನೆಯನ್ನು ಡಿಸ್ಟಾರ್ಷನ್ ಎನ್ನುತ್ತಾರೆ. ತಂತಿಯ ಸಂಕೇತವನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಹಿಗ್ಗಿಸಿದಾಗ, ಅಲೆಯ ನುಣುಪಾದ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹಾಗಾದೊಡನೆ ಮೂಲ ಸ್ವರದಲ್ಲಿ ಇಲ್ಲದಿದ್ದ ಅಥವಾ ಕ್ಷೀಣವಾಗಿದ್ದ ಮೇಲಿನ ಕಂಪನಗಳು ದಂಡಿಯಾಗಿ ಸೇರಿಕೊಳ್ಳುತ್ತವೆ. ಒಂದೇ ಸ್ವರ ನುಡಿಸಿದರೂ ತುಂಬು ಸದ್ದು ಬರುವುದು ಇದರಿಂದಲೇ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ಮೊತ್ತ, ವ್ಯತ್ಯಾಸಗಳೂ ಹೊಸ ಕಂಪನಗಳಾಗಿ ಹುಟ್ಟುತ್ತವೆ. ಷಡ್ಜ-ಪಂಚಮಗಳ ಜೋಡಿಯಲ್ಲಿ ಕಂಪನಗಳ ಪ್ರಮಾಣ 2ಕ್ಕೆ 3 ಇರುವುದರಿಂದ, ಹೀಗೆ ಹುಟ್ಟಿದ ಮರಿಗಳೂ ಅದೇ ಸರಣಿಯಲ್ಲಿ ಹೊಂದಿ ಕೂರುತ್ತವೆ. ಗಾಂಧಾರವನ್ನೋ ನಿಷಾದವನ್ನೋ ಸೇರಿಸಿದರೆ ಮಾತ್ರ ಎಲ್ಲ ಕಲಸಿ ರಾಡಿಯಾಗುತ್ತದೆ. ಆದ್ದರಿಂದಲೇ ಗಡುಸು ರಾಕ್ ಷಡ್ಜ-ಪಂಚಮಗಳನ್ನಷ್ಟೇ ಹಿಡಿಯುವ ‘ಪವರ್ ಕಾರ್ಡ್’ ಮೇಲೆ ನಿಂತಿದೆ.

ಸಿನಿಮಾ ಸಂಯೋಜಕರ ಕಸುಬಾದರೋ ಸಂಕೀರ್ಣ ಸ್ವರಮೇಳಗಳಲ್ಲಿದೆ. ಗಿಟಾರ್ ಅದನ್ನು ಹೊರಲಾರದು. ಹಾಗಾಗಿ ಆ ಕೆಲಸ ಪಿಟೀಲು, ಚೆಲೋಗಳ ಪಾಲಿಗೆ ಬರುತ್ತದೆ. ತೊಡಕು ಶುರುವಾಗುವುದು ಇಲ್ಲೇ: ಪಿಟೀಲಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ 196 ಕಂಪನ, ಗಿಟಾರ್‌ನದು 82, ಆದರೆ ಡಿಸ್ಟಾರ್ಷನ್‌ನಿಂದ ಬೆಳೆದ ಗಿಟಾರ್‌ನ ಸದ್ದು ಹಲವು ಸಾವಿರ ಕಂಪನಗಳವರೆಗೆ ಹಬ್ಬಿ, ಪಿಟೀಲು ಮಾತಾಡಬೇಕಾದ ಜಾಗವನ್ನೆಲ್ಲ ಆವರಿಸಿರುತ್ತದೆ. ಜೋರಾದ ಸದ್ದು ತನ್ನ ನೆರೆಯ ಕಂಪನಗಳ ಮೆಲುಸದ್ದನ್ನು ಕಿವಿಯಿಂದ ಮರೆಮಾಡುತ್ತದೆ, ತನಗಿಂತ ಮೇಲಿನ ಕಂಪನಗಳನ್ನು ಇನ್ನಷ್ಟು ಹೆಚ್ಚಾಗಿ. ಮಿಕ್ಸಿಂಗ್ ಮಾಡುವವರು ಒಂದನ್ನು ತಗ್ಗಿಸಿ ಇನ್ನೊಂದಕ್ಕೆ ದಾರಿ ಬಿಡಬಹುದು, ಇಲ್ಲವೇ ಎರಡೂ ಗುದ್ದಾಡಲಿ ಎಂದು ಬಿಡಬಹುದು. ‘ಬಿಗ್ ಮೆಸ್’ನ ಹಲವೆಡೆ ಎರಡನೆಯ ದಾರಿ ಹಿಡಿದಂತೆ ಕೇಳಿಸುತ್ತದೆ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಕೇಳಿದವರಿಗೂ ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿದವರಿಗೂ ಇಲ್ಲಿ ಎರಡು ಬೇರೆ ಆಲ್ಬಂಗಳೇ ಸಿಕ್ಕಿರುತ್ತವೆ ಎಂದರೂ ಅತಿಶಯೋಕ್ತಿಯಲ್ಲ.

ಮೂರು ಬಾಗಿಲುಗಳಿಂದ ಬಂದವರು

ಒಂದೇ ಹಾಡನ್ನು ಹತ್ತಿರದಿಂದ ನೋಡೋಣ. ‘ಇನ್ಸೆಕ್ಟ್ಸ್’ ಎಂಬ ಹಾಡು ಮೊದಲು ಬಂದದ್ದು 1982ರಲ್ಲಿ, ಓಯಿಂಗೊ ಬೋಯಿಂಗೊ ತಂಡದ ‘ನಥಿಂಗ್ ಟು ಫಿಯರ್’ ಆಲ್ಬಂನಲ್ಲಿ. ಅದು ಚುರುಕಾದ, ಹಿತ್ತಾಳೆ ವಾದ್ಯಗಳು ಚಿಮ್ಮುವ ಹಾಡು. ಸುಮಾರು ನಾಲ್ಕು ದಶಕಗಳ ನಂತರ ‘ಬಿಗ್ ಮೆಸ್’ನಲ್ಲಿ ಎಲ್ಫ್‌ಮನ್ ಅದನ್ನು ಮತ್ತೆ ಹಾಡಿದ್ದಾರೆ, ಆದರೆ ಮೈಭಾರ ಹೆಚ್ಚಿಸಿ, ಗಿಟಾರ್‌ನ ಗರ್ಜನೆ ತುಂಬಿ, ಕಂಠವನ್ನು ಕಪ್ಪಾಗಿಸಿ.

ಹಳೆಯ ತಂಡದ ಅಭಿಮಾನಿಗೆ ಇಲ್ಲಿ ಮೊದಲು ಕೇಳಿಸುವುದು ಇಲ್ಲದಿರುವುದು, ಅಂದರೆ ಆ ಲವಲವಿಕೆ. ಸಿನಿಮಾ ಸಂಗೀತದ ಬಾಗಿಲಿಂದ ಒಳಬಂದವರಿಗೆ ತಂತಿವಾದ್ಯಗಳ ಹೆಣಿಗೆ ಪರಿಚಿತ, ಕಿರುಚುವ ಕಂಠವೇ ಅಡ್ಡಿ. ‘ನೈನ್ ಇಂಚ್ ನೇಲ್ಸ್’ ಬಗೆಯ ರಾಕ್ ಕೇಳಿ ಪಳಗಿದವರಿಗೆ ಕಂಠವೂ ಗಿಟಾರೂ ಮನೆಯಷ್ಟು ಹಿತ, ಆದರೆ ಗಳಿಗೆಗೊಂದು ತಿರುವು ಪಡೆಯುವ ವಾದ್ಯವೃಂದ ನಾಟಕೀಯವೆನಿಸಬಹುದು. ಮೂವರೂ ಕೇಳಿದ್ದು ಒಂದೇ ಕಂಪನಗಳನ್ನು. ಅಳೆದದ್ದು ಮೂರು ಬೇರೆ ಗಜಕಡ್ಡಿಗಳಿಂದ.

ಅಮೆರಿಕದ ಸಂಗೀತ ಚಿಂತಕ ಲೆನರ್ಡ್ ಮೇಯರ್ 1956ರಲ್ಲೇ ಈ ವಿಷಯವನ್ನು ಸಿದ್ಧಾಂತವಾಗಿ ಮಂಡಿಸಿದ್ದರು. ಅವರ ಪ್ರಕಾರ ಸಂಗೀತದಲ್ಲಿ ಭಾವ ಹುಟ್ಟುವುದು ನಿರೀಕ್ಷೆ ಮತ್ತು ಅದರ ಈಡೇರಿಕೆಯ ನಡುವಿನ ಜಗ್ಗಾಟದಲ್ಲಿ. ನಿರೀಕ್ಷೆ ತಡವಾಗಿ ಈಡೇರಿದರೆ ರೋಮಾಂಚನ, ಈಡೇರದೇ ಹೋದರೆ ಗೊಂದಲ. ನಿರೀಕ್ಷೆಯನ್ನು ಕಲಿಸುವುದು ಹಿಂದೆ ಕೇಳಿದ ಸಂಗೀತವೇ ಆದ್ದರಿಂದ, ಕಲಾವಿದರ ಹೆಸರೂ ಒಂದು ನಿರೀಕ್ಷೆಯಾಗಿಬಿಡುತ್ತದೆ. ಇದೇ ಆಲ್ಬಂ ಅಪರಿಚಿತ ತಂಡವೊಂದರ ಹೆಸರಿನಲ್ಲಿ ಬಂದಿದ್ದರೆ ಅದರ ವಿರುದ್ಧದ ದೂರುಗಳಲ್ಲಿ ಕೆಲವು ಹುಟ್ಟುತ್ತಲೇ ಇರಲಿಲ್ಲ. ಅದನ್ನು ಕೇಳಿದವರೂ ಅಷ್ಟು ಜನ ಇರುತ್ತಿರಲಿಲ್ಲ, ಆ ಮಾತು ಬೇರೆ.

ಈ ಪಾಡು ಎಲ್ಫ್‌ಮನ್ ಒಬ್ಬರದೇ ಅಲ್ಲ. ಇಟಲಿಯ ಎನ್ನಿಯೊ ಮೊರಿಕೋನೆ ‘ವೆಸ್ಟರ್ನ್’ ಎಂದು ಕರೆಯುವ ಕೌಬಾಯ್ ಚಿತ್ರಗಳ ಸಂಗೀತದಿಂದ ಮನೆಮಾತಾಗಿದ್ದ ಕಾಲದಲ್ಲೇ ರೋಮ್‌ನ ಪ್ರಯೋಗಶೀಲ ತಂಡವೊಂದರಲ್ಲಿ ಟ್ರಂಪೆಟ್ ಹಿಡಿದು, ರಾಕ್ ಡ್ರಮ್ಸ್ ಮೇಲೆ ಚೀತ್ಕಾರಗಳನ್ನು ಹರಡಿದ ‘ದಿ ಫೀಡ್-ಬ್ಯಾಕ್’ ಎಂಬ ಆಲ್ಬಂನಲ್ಲಿ 1970ರಲ್ಲಿ ಪಾಲ್ಗೊಂಡಿದ್ದರು.

ಎರಡನೆಯ, ಐದನೆಯ, ಹತ್ತನೆಯ ಸಲ

“ಮೊದಲು ಹಿಡಿಸಲಿಲ್ಲ, ಕೇಳ್ತಾ ಕೇಳ್ತಾ ಇಷ್ಟವಾಯಿತು” ಎಂಬ ಮಾತು ಇಂಥ ಆಲ್ಬಂಗಳ ಬಗ್ಗೆ ಮತ್ತೆ ಮತ್ತೆ ಬರುತ್ತದೆ. ಮನೋವಿಜ್ಞಾನಿ ರಾಬರ್ಟ್ ಜಯೊಂಕ್ 1968ರಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರದ ಸಂಗತಿ: ಯಾವುದೇ ಲಾಭವಿಲ್ಲದಿದ್ದರೂ, ಪದೇ ಪದೇ ಎದುರಾದ ವಸ್ತುವಿನ ಮೇಲೆ ನಮಗೆ ಒಲವು ಬೆಳೆಯುತ್ತದೆ. 1970ರ ದಶಕದ ಆರಂಭದಲ್ಲಿ ಡೇನಿಯಲ್ ಬರ್ಲೈನ್ ಇನ್ನೊಂದು ತುಣುಕು ಸೇರಿಸಿದರು. ತೀರಾ ಸರಳವಾದದ್ದು ನಮಗೆ ಬೇಸರ ತರಿಸುತ್ತದೆ, ತೀರಾ ಜಟಿಲವಾದದ್ದು ಸುಸ್ತು ಮಾಡುತ್ತದೆ. ಒಲವು ತುದಿ ಮುಟ್ಟುವುದು ಇವೆರಡರ ನಡುವೆ, ಗುಡ್ಡದ ನೆತ್ತಿಯಂತೆ.

ಎರಡನ್ನೂ ಜೋಡಿಸಿದರೆ ಚಿತ್ರ ತಿಳಿಯಾಗುತ್ತದೆ. ಪರಿಚಯ ಬೆಳೆದಂತೆ ಜಟಿಲತೆ ಕಡಿಮೆಯಾದಂತೆ ತೋರುತ್ತದೆ. ಸರಳ ಹಾಡು ಮೊದಲ ದಿನವೇ ಗುಡ್ಡದ ನೆತ್ತಿಯಲ್ಲಿದ್ದು, ಹತ್ತನೆಯ ಕೇಳ್ಮೆಯ ಹೊತ್ತಿಗೆ ಬೇಸರದ ಇಳಿಜಾರು ಹಿಡಿದಿರುತ್ತದೆ. ದಟ್ಟವಾದ ಹಾಡು ಗುಡ್ಡದ ಆಚೆ ಬದಿಯಲ್ಲಿ ಶುರುವಾಗಿ, ಕೇಳಿದಂತೆಲ್ಲ ನೆತ್ತಿಯತ್ತ ಏರುತ್ತದೆ. ಆದರೆ ಇದನ್ನು ಮಂತ್ರವೆಂದು ಭಾವಿಸಬಾರದು. ಮೊದಲ ಕೇಳ್ಮೆಯಲ್ಲೇ ಅಸಹ್ಯ ಮೂಡಿದ್ದರೆ ಪುನರಾವರ್ತನೆಯಿಂದ ಅದು ಗಟ್ಟಿಯಾಗುವುದೂ ಉಂಟು.

ತೊಂದರೆಯೆಂದರೆ, ಇಂದಿನ ಕೇಳ್ಮೆಯ ವ್ಯವಸ್ಥೆ ಹತ್ತನೆಯ ಸಲಕ್ಕಾಗಿ ಕಾಯುವಂತೆ ರೂಪುಗೊಂಡಿಲ್ಲ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಸಾಕು, ಅದು ಒಂದು ಕೇಳ್ಮೆಯೆಂದು ಲೆಕ್ಕಕ್ಕೆ ಬರುತ್ತದೆ. 18 ಹಾಡುಗಳ, ಒಂದು ಗಂಟೆ ಮೀರಿದ ಆಲ್ಬಮ್ಮನ್ನು ಕ್ರಮವಾಗಿ ಕೂತು ಕೇಳುವವರು ಕಡಿಮೆ. ವಿನೈಲ್ ತಟ್ಟೆಯಾದರೆ ಇಪ್ಪತ್ತು ನಿಮಿಷದ ಆಸುಪಾಸಿಗೆ ಬದಿ ಮುಗಿದು, ಎದ್ದು ತಿರುಗಿಸಿ ಹಾಕುವಷ್ಟು ಬಿಡುವು ತಾನಾಗಿಯೇ ಸಿಗುತ್ತಿತ್ತು. “ತುಂಬಾ ಉದ್ದ” ಎಂಬ ಆಕ್ಷೇಪದಲ್ಲಿ ಹಾಡುಗಳ ಸಂಖ್ಯೆಯಷ್ಟೇ ಪಾಲು ಈ ಬಿಡುವಿಲ್ಲದಿರುವಿಕೆಗೂ ಇದೆ. ಎಲ್ಫ್‌ಮನ್ ತಂಡ ಆಲ್ಬಂ ಬರುವ ಮುನ್ನ 2021ರ ಜನವರಿಯಿಂದ ಪ್ರತಿ ತಿಂಗಳು 11ನೇ ತಾರೀಕಿನಂದು ಒಂದೊಂದು ಹಾಡನ್ನು ಬಿಡುತ್ತಾ ಬಂದಿತ್ತು. ಹಾಗೆ ತಿಂಗಳಿಗೊಂದರಂತೆ ಕೇಳಿಕೊಂಡು ಬಂದವರಿಗೂ, ಜೂನ್‌ನಲ್ಲಿ ಇಡೀ ಗಂಟನ್ನು ಒಟ್ಟಿಗೆ ಬಿಚ್ಚಿದವರಿಗೂ ಅನುಭವ ಒಂದೇ ಆಗಿರಲು ಸಾಧ್ಯವಿರಲಿಲ್ಲ.

ಹಾಡುಗಳು ಬೇರೆ ರೂಪ ತಳೆದಾಗ

2022ರಲ್ಲಿ ಈ ಹಾಡುಗಳನ್ನು ಬೇರೆ ಕಲಾವಿದರು ಮರುರೂಪಿಸಿದ ‘ಬಿಗರ್. ಮೆಸಿಯರ್.’ ಎಂಬ ಸಂಗ್ರಹ ಬಂತು. ‘ನೈನ್ ಇಂಚ್ ನೇಲ್ಸ್’ನ ಟ್ರೆಂಟ್ ರೆಜ್ನರ್, ರಾಕ್ ಗಾಯಕ ಇಗ್ಗಿ ಪಾಪ್ ಮುಂತಾದವರ ದನಿಗಳು ಅದರಲ್ಲಿವೆ. ಮೂಲದ ದಟ್ಟಣೆಯಲ್ಲಿ ಹೂತುಹೋಗಿದ್ದ ರಾಗದ ಎಳೆಗಳನ್ನು ಗುರುತಿಸಲು, ಮೂಲವನ್ನೂ ಮರುರೂಪವನ್ನೂ ಒಂದರ ಪಕ್ಕ ಒಂದಿಟ್ಟು ಕೇಳುವುದು ಒಳ್ಳೆಯ ಉಪಾಯ.

ಅದೇ ವರ್ಷದ ಏಪ್ರಿಲ್‌ನಲ್ಲಿ, ಎರಡು ವರ್ಷ ತಡವಾಗಿ, ಕೋಚೆಲ್ಲಾ ಪ್ರದರ್ಶನವೂ ನಡೆಯಿತು. ಅರವತ್ತೆಂಟರ ಎಲ್ಫ್‌ಮನ್ ಅಂಗಿ ಕಳಚಿ, ಹಚ್ಚೆ ತುಂಬಿದ ಮೈಯಲ್ಲಿ ಹಾಡಿದರು. ಹಿಂದೆ ರಾಕ್ ತಂಡ, ಅದರ ಜೊತೆ ವಾದ್ಯವೃಂದ. ಹೊಸ ಹಾಡು ಮುಗಿದೊಡನೆ ಸಿನಿಮಾ ಸಂಗೀತ, ಅದರ ಬೆನ್ನಿಗೆ ಓಯಿಂಗೊ ಬೋಯಿಂಗೊ. ಮೂರು ಬಾಗಿಲುಗಳಿಂದ ಬಂದ ಜನ ಒಂದೇ ಬಯಲಿನಲ್ಲಿ ನಿಂತಿದ್ದರು, ಮತ್ತು ಆ ಸಂಗೀತಕ್ಕೆ ಈಗ ನೋಡಲು ಒಂದು ಮುಖವಿತ್ತು.